ಫ್ಲ್ಯಾಟಿನೊಳಗಿನ ವಿಷ: ಯಾವುದನ್ನು ಮೊದಲು ಹೊರಗೆ ಹಾಕಬೇಕು?

ಊರಿನ ಹಂಚಿನ ಮನೆಗಳಲ್ಲಿ ಹೊಗೆಗೆ ಯಾರೂ ದಾರಿ ಮಾಡಿಕೊಡಬೇಕಾಗಿರಲಿಲ್ಲ. ಒಗ್ಗರಣೆಯ ಘಾಟು, ಸಾಂಬ್ರಾಣಿ, ಬಚ್ಚಲ ಹಂಡೆಯ ಹೊಗೆ ಎಲ್ಲ ಹಂಚಿನ ಸಂದಿಯಲ್ಲೋ ಬೆಳಕಿಂಡಿಯಲ್ಲೋ ಹೊರಬೀಳುತ್ತಿತ್ತು. (ಹಾಗೆಂದು ಆ ಹೊಗೆ ಒಳ್ಳೆಯದೇನಲ್ಲ, ಒಲೆ ಮುಂದೆ ಕೂತ ಅಜ್ಜಿಯರ ಕೆಮ್ಮು ಎಲ್ಲರಿಗೂ ನೆನಪಿದೆ.) ಅದೇ ಅಭ್ಯಾಸಗಳನ್ನು ಹೊತ್ತುಕೊಂಡು ನಾವು ಕನ್ನಡಿಗರು ಮುಂಬೈ, ಪುಣೆ ಕಡೆಯ ಫ್ಲ್ಯಾಟುಗಳಿಗೆ, ಡೊಂಬಿವಲಿಗೆ, ಮುಲುಂಡಿಗೆ, ಪಿಂಪ್ರಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. 450 ಚದರಡಿ, 9 ಅಡಿ ಎತ್ತರದ ಮನೆ ಎಂದರೆ ಒಳಗಿರುವ ಒಟ್ಟು ಗಾಳಿ ಸುಮಾರು 115 ಘನ ಮೀಟರ್. 8 ಅಡಿಗೆ 6 ಅಡಿಯ ಅಡುಗೆಮನೆಯಲ್ಲಿ ಬರೀ 12. ಬಚ್ಚಲಲ್ಲಿ ಐದೂವರೆ. ಅಲ್ಲಿ ಏನು ಉರಿಸಿದರೂ, ಏನು ಸಿಂಪಡಿಸಿದರೂ ಮೊದಲು ಹೋಗುವುದು ನಮ್ಮ ಶ್ವಾಸಕೋಶಕ್ಕೆ.

ಆದ್ದರಿಂದ ಈ ಲೇಖನದಲ್ಲಿ ಕೊಳ್ಳುವ ಪಟ್ಟಿ ಕಡಿಮೆ. ಡಿಟಾಕ್ಸ್ ಚಹಾ, ಅಂಗಾಲಿಗೆ ಅಂಟಿಸುವ ಪಟ್ಟಿ, ಹತ್ತು ದಿನದ ಜ್ಯೂಸ್ ಕೋರ್ಸ್, ಇವೆಲ್ಲ ದುಡ್ಡಿಗೆ ದಂಡ. ದೇಹದ ಕಸ ಗುಡಿಸುವ ಕೆಲಸ ಲಿವರ್, ಕಿಡ್ನಿಗಳದ್ದು, ಅವು ಮಾಡುತ್ತಲೇ ಇರುತ್ತವೆ. ನಾವು ಮಾಡಬೇಕಾದ್ದು ಒಳಗೆ ಹೋಗುವುದನ್ನು ಕಡಿಮೆ ಮಾಡುವುದು. ಕ್ರಮ ಹೀಗಿರಲಿ: ಮೊದಲು ಜೀವಕ್ಕೇ ಅಪಾಯವಾದದ್ದು, ಆಮೇಲೆ ಉಸಿರಲ್ಲಿ ಹೋಗುವುದು, ಕೊನೆಗೆ ತಟ್ಟೆಯಲ್ಲಿ ಬರುವುದು. ಬಹುತೇಕ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಸಾವಯವ ಬೆಲ್ಲಕ್ಕೆ ದುಪ್ಪಟ್ಟು ಕೊಡುತ್ತಾರೆ, ರಾತ್ರಿ ಮಲಗುವ ಕೋಣೆಯಲ್ಲಿ ಸೊಳ್ಳೆ ಕಾಯಿಲ್ ಹಚ್ಚುತ್ತಾರೆ.

ಬಚ್ಚಲ ಗ್ಯಾಸ್ ಗೀಸರ್

ಪುಣೆಯ ಚಳಿಗೆ, ಮುಂಬೈಯ ವಿದ್ಯುತ್ ಬಿಲ್ಲಿಗೆ ಹೆದರಿ ಗ್ಯಾಸ್ ಗೀಸರ್ ಹಾಕಿಸಿಕೊಂಡವರು ಬಹಳ. ಯಂತ್ರ ಕೆಟ್ಟದ್ದಲ್ಲ, ಅದನ್ನು ಕೂರಿಸಿದ ಜಾಗ ಕೆಟ್ಟದ್ದು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು 12–13 ಘನ ಮೀಟರ್ ಗಾಳಿ ಬೇಕು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಗಾಳಿ ಸಾಲದಾದಾಗ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಸೋರಿದರೆ ನಾರುವುದು ಅದಕ್ಕೆ ಬೆರೆಸಿದ ವಾಸನೆ ಪದಾರ್ಥದಿಂದ. ಅದು ಜ್ವಾಲೆಯಲ್ಲಿ ಉರಿದುಹೋಗುವುದರಿಂದ ಮೂಗಿಗೆ ಸುಳಿವೇ ಸಿಗುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆ ಭಾರ, ವಾಕರಿಕೆ, ಆಮೇಲೆ ಕಾಲಲ್ಲಿ ಬಲವೇ ಇಲ್ಲ. ಚಿಲಕ ಎರಡಡಿ ದೂರದಲ್ಲಿದ್ದರೂ ಕೈ ಹೋಗುವುದಿಲ್ಲ.

ಮಾಡಬೇಕಾದ್ದು:

1. ಗೀಸರನ್ನು ಬಚ್ಚಲಿಂದ ಹೊರಗೆ ತೆಗೆಸಿ, ಗಾಳಿಯಾಡುವ ಡ್ರೈ ಬಾಲ್ಕನಿಯಲ್ಲಿ (ಅಡುಗೆಮನೆಗೆ ತಾಗಿದ, ಬಟ್ಟೆ ಪಾತ್ರೆ ತೊಳೆಯುವ ಬಾಲ್ಕನಿ) ಕೂರಿಸಿ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪು ಮಾತ್ರ. ಪ್ಲಂಬರ್ ಕೆಲಸ ಅರ್ಧ ದಿನದ್ದು.
2. ತೆಗೆಸುವವರೆಗೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಶವರ್ ಕೆಳಗೆ ನಿಲ್ಲುವುದು ಬೇಡವೇ ಬೇಡ.
3. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಹೋಗುವ ಮನೆಯಲ್ಲಿ ನಾಲ್ಕನೆಯವರಿಗೆ ಅಪಾಯ ಹೆಚ್ಚು, ಏಕೆಂದರೆ ಮೊದಲ ಮೂವರ ಹೊಗೆ ಒಳಗೇ ಇರುತ್ತದೆ. ನಡುವೆ ಬಾಗಿಲು, ಕಿಟಕಿ ತೆರೆದು ಗಾಳಿ ಬದಲಾಗಲು ಬಿಡಿ.
4. ಜ್ವಾಲೆ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ ಬರ್ನರ್‌ನಲ್ಲಿ ಮಸಿ ಕಟ್ಟಿದೆ ಅಥವಾ ಗಾಳಿ ಸಾಲುತ್ತಿಲ್ಲ. ಸರ್ವಿಸ್ ಆಗುವವರೆಗೆ ಬಳಸಬೇಡಿ.

ಮಳೆಗಾಲದಲ್ಲಿ ನೀರು ಎರಚುತ್ತದೆಂದು ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳಿಗೆ ಪ್ಲಾಸ್ಟಿಕ್ ಹೊದಿಸುವ ರೂಢಿಯಿದೆ. ಗ್ಯಾಸ್ ಗೀಸರ್ ಇರುವ ಮನೆಯಲ್ಲಿ ಅದನ್ನು ಇವತ್ತೇ ಕಿತ್ತುಹಾಕಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ತೆರೆದ ಗಾಳಿಗೆ ತಂದು 108ಕ್ಕೆ ಕರೆಮಾಡಿ. ಎಚ್ಚರ ಬಂತೆಂದು ಮನೆಯಲ್ಲೇ ಮಲಗಿಸಬೇಡಿ, ಆಸ್ಪತ್ರೆಯ ಆಮ್ಲಜನಕ ಬೇಕು.

ಕಾಯಿಲ್, ಊದುಬತ್ತಿ, ಹಾವಿನ ಮಾತ್ರೆ

ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ, ಅಂದರೆ ಪಿಎಂ 2.5, 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿತು. ಸೊಳ್ಳೆ ಓಡಿಸುವ ಮದ್ದು ಕಾಯಿಲಿನಲ್ಲಿ ತೀರಾ ಸ್ವಲ್ಪ. ಉಳಿದದ್ದು ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು. ಎಂಟು ಗಂಟೆ ನಾವು ಉಸಿರಾಡುವುದು ಆ ಪುಡಿಯ ಹೊಗೆಯನ್ನು.

ಬದಲಿಗೆ ಕಿಟಕಿಗೆ ನೈಲಾನ್ ಜಾಲರಿ. ಅಳತೆ ತೆಗೆದು ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದರೆ ಬಾಡಿಗೆ ಮನೆಯಲ್ಲೂ ನಡೆಯುತ್ತದೆ, ತೊಳೆಯಲೂ ಸುಲಭ. ಜಾಲರಿ ಹಾಕಿದವರು ಸೋಲುವುದು ಸಾಮಾನ್ಯವಾಗಿ ಎರಡು ಕಡೆ: ಬಚ್ಚಲ ಕಿಟಕಿ ಬಿಟ್ಟುಬಿಡುತ್ತಾರೆ, ಸಂಜೆ 6ರಿಂದ 7ರವರೆಗೆ ಮುಂಬಾಗಿಲು ತೆರೆದಿಟ್ಟಿರುತ್ತಾರೆ. ಒಂದೇ ಜಗಲಿಗೆ ಸಾಲಾಗಿ ತೆರೆಯುವ ಚಾಳಿನ ಮನೆಯಲ್ಲಿ ಬಾಗಿಲು ಮುಚ್ಚಲಾಗದು, ಅಲ್ಲಿ ಹಾಸಿಗೆಗೆ ಸೊಳ್ಳೆಪರದೆಯೇ ಸರಿ. ಜೊತೆಗೆ ವಾರಕ್ಕೊಮ್ಮೆ ನೀರು ನಿಲ್ಲುವ ಜಾಗ ಒಣಗಿಸಿ. ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡದ ಕೆಳಗಿನ ತಟ್ಟೆ, ಎಸಿ ನೀರಿನ ಡಬ್ಬ. ಸೊಳ್ಳೆಯ ಮೊಟ್ಟೆ ರೆಕ್ಕೆ ಕಟ್ಟಿಕೊಳ್ಳಲು ಎಂಟು ಹತ್ತು ದಿನ ಬೇಕು, ವಾರಕ್ಕೊಮ್ಮೆ ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಪ್ಲಗ್ಗಿಗೆ ಹಾಕುವ ದ್ರವದಲ್ಲಿ ಹೊಗೆಯಿಲ್ಲ, ಆದರೆ ಕೀಟನಾಶಕ ಇದೆ. ಸಂಜೆ ಒಂದು ಗಂಟೆ ಹಚ್ಚಿ, ಮಲಗುವ ಮುಂಚೆ ಆರಿಸಿ. ಇನ್ನು ರಸ್ತೆಬದಿಯಲ್ಲಿ ಸಿಗುವ 'ಸೊಳ್ಳೆ ಅಗರಬತ್ತಿ': ಪ್ಯಾಕೆಟ್ಟಿನ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಒಳಗೇನಿದೆ ಎಂದು ತಿಳಿಯುವ ದಾರಿಯೇ ಇಲ್ಲ. ತರಬೇಡಿ.

ದೇವರ ಮುಂದಿನ ಹೊಗೆಯ ಮಾತು ಎತ್ತಿದರೆ ಮನೆಯಲ್ಲಿ ಮುಖ ಗಂಟಾಗುತ್ತದೆ. ಪೂಜೆ ಬಿಡಬೇಕಾಗಿಲ್ಲ. ಐದು ಬತ್ತಿಯ ಬದಲು ಒಂದು, ಅದೂ ಕಿಟಕಿ ತೆರೆದು. ನಿತ್ಯಕ್ಕೆ ಸಣ್ಣ ಎಣ್ಣೆ ದೀಪ, ಹೂವು. ಇದ್ದಿಲಿನ ಮೇಲೆ ಹಾಕುವ ಸಾಂಬ್ರಾಣಿ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ. ಬಾಣಂತಿ, ಮಗುವಿಗೆ ಹೊಗೆ ಹಾಕುವ ಪದ್ಧತಿಯಲ್ಲಿ ಇದೇ ತೊಂದರೆ. ಮಗುವಿನ ತಲೆ ಒಣಗಿಸಲು ಹತ್ತಿಬಟ್ಟೆ ಸಾಕು. ಕರ್ಪೂರದ ಡಬ್ಬಿ ಮಕ್ಕಳ ಕೈಗೆ ಸಿಗದಷ್ಟು ಮೇಲಿರಲಿ. ಸಣ್ಣ ಮಗು ಒಂದೆರಡು ಬಿಲ್ಲೆ ನುಂಗಿದರೂ ಫಿಟ್ಸ್ ಬರಬಹುದು.

ದೀಪಾವಳಿಗೆ ಒಂದು ಮಾತು. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ 2016ರಲ್ಲಿ ಪಟಾಕಿಗಳ ಹೊಗೆ ಅಳೆದಾಗ ಮೊದಲ ಸ್ಥಾನ ಬಂದದ್ದು ಸದ್ದೇ ಮಾಡದ ಹಾವಿನ ಮಾತ್ರೆಗೆ: ಘನ ಮೀಟರಿಗೆ 64,500 ಮೈಕ್ರೋಗ್ರಾಂ ಪಿಎಂ 2.5. ಸುರುಸುರುಬತ್ತಿ 10,390, ಹೂಕುಂಡ 4,860. ದೇಶದ 24 ಗಂಟೆಯ ಮಿತಿ 60. ಸದ್ದಿಲ್ಲ, ಕಿಡಿಯಿಲ್ಲ ಎಂದು ನಾವು ಅದನ್ನೇ ಮೂರು ವರ್ಷದ ಮಕ್ಕಳ ಕೈಗೆ ಕೊಟ್ಟು, ಬಗ್ಗಿ ನೋಡು ಎನ್ನುತ್ತೇವೆ.

ಅಡುಗೆಮನೆ

ಒಣಮೆಣಸಿನ ಒಗ್ಗರಣೆಗೆ ಇಡೀ ಮನೆ ಸೀನಿತೆಂದರೆ, ಆ ಗಾಳಿ ಹಾಲ್‌ವರೆಗೂ ಬಂತು ಎಂದರ್ಥ. ಘಾಟಿನ ಜೊತೆ ಕಣ್ಣಿಗೆ ಕಾಣದ ಎಣ್ಣೆಯ ಕಣ, ಬರ್ನರ್ ಉಗುಳುವ ನೈಟ್ರೋಜನ್ ಡೈಆಕ್ಸೈಡ್ ಎಲ್ಲ ಬಂದಿರುತ್ತವೆ. ಎಕ್ಸಾಸ್ಟ್ ಫ್ಯಾನನ್ನು ಹೊಗೆ ಕಂಡ ಮೇಲೆ ಹಾಕಿದರೆ ತಡವಾಯಿತು. ಬಾಣಲೆ ಇಡುವ ಮುಂಚೆ ಹಾಕಿ, ಒಲೆ ಆರಿಸಿದ ಹತ್ತು ನಿಮಿಷಕ್ಕೆ ನಿಲ್ಲಿಸಿ. ಫ್ಯಾನ್ ಹೊರಗೆ ತಳ್ಳಿದಷ್ಟೇ ಗಾಳಿ ಒಳಗೆ ಬರಬೇಕು. ಆದ್ದರಿಂದ ಅದರ ಪಕ್ಕದ ಕಿಟಕಿ ಮುಚ್ಚಿ, ಎದುರು ಕೋಣೆಯ ಕಿಟಕಿ ತೆರೆಯಿರಿ. ಪಕ್ಕದ ಕಿಟಕಿ ತೆರೆದಿದ್ದರೆ ಫ್ಯಾನ್ ಅಲ್ಲಿಂದಲೇ ಗಾಳಿ ಎಳೆದು ಅಲ್ಲೇ ಬಿಡುತ್ತದೆ, ಒಲೆಯ ಮೇಲಿನ ಹೊಗೆ ಅಲ್ಲೇ ಸುತ್ತುತ್ತದೆ. ಇದೊಂದು ತಪ್ಪು ಎಷ್ಟೋ ಮನೆಗಳಲ್ಲಿ ಇದೆ.

ಚಿಮಣಿ ಕೊಳ್ಳುವವರು ಪೈಪ್ ಹೊರಗೆ ಹೋಗುವುದನ್ನೇ ಕೊಳ್ಳಿ. ಪೈಪಿಲ್ಲದ್ದು ಇದ್ದಿಲ ಫಿಲ್ಟರಿನಲ್ಲಿ ಎಣ್ಣೆ, ವಾಸನೆ ಹಿಡಿದು ಅದೇ ಗಾಳಿಯನ್ನು ವಾಪಸ್ ಕೊಡುತ್ತದೆ; ಬರ್ನರಿನ ಅನಿಲ ಅದರಲ್ಲಿ ನಿಲ್ಲುವುದಿಲ್ಲ. ಜಾಲರಿ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ಬಿಸಿನೀರು, ವಾಷಿಂಗ್ ಸೋಡಾದಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯಿರಿ. ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬೇಡ, ಕಪ್ಪಾಗುತ್ತದೆ. ಪಾತ್ರೆ ಸೋಪು ಸಾಕು.

ಪಾತ್ರೆಯ ವಿಷಯದಲ್ಲಿ ನಮ್ಮ ಅಡುಗೆಗೆ ಒಂದು ವಿಶೇಷ ಎಚ್ಚರಿಕೆ ಬೇಕು, ಏಕೆಂದರೆ ನಮ್ಮದು ಹುಣಸೆಹುಳಿಯ ಅಡುಗೆ. ಸಾರು, ಹುಳಿ, ಗೊಜ್ಜು, ಟೊಮೇಟೊ ಚಟ್ನಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿದರೆ ಲೋಹ ಕರಗಿ ಬರುತ್ತದೆ. ಮಾಡಿ ಅದರಲ್ಲೇ ರಾತ್ರಿಯಿಡೀ ಬಿಟ್ಟರೆ ಇನ್ನೂ ಹೆಚ್ಚು. ಸ್ಟೀಲ್ ಅಥವಾ ಕಲ್ಚಟ್ಟಿ ಬಳಸಿ. ಅನ್ನ, ಬೇಳೆ ಬೇಯಿಸಲು ಅಲ್ಯೂಮಿನಿಯಂ ಕುಕ್ಕರ್ ಇದ್ದರೆ ತಲೆಬಿಸಿ ಬೇಡ. ಹಿತ್ತಾಳೆ ಪಾತ್ರೆಯ ಕಲಾಯಿ ಒಂದು ಕಡೆ ಹೋಗಿ ಹಳದಿ ಕಂಡರೂ ಅದರಲ್ಲಿ ಹುಳಿ ಬೇಡ. ಕಲಾಯಿ ಹಾಕುವವನು ನಿಮ್ಮೆದುರೇ ಹಾಕಲಿ, ಶುದ್ಧ ತವರ ಎಂದು ಕೇಳಿ. ಸೀಸ ಬೆರೆಸಿದರೆ ಅಗ್ಗ, ಅದಕ್ಕೇ ಬೆರೆಸುತ್ತಾರೆ. ತಾಮ್ರದ ಚೊಂಬಿನಲ್ಲಿ ನೀರು ಸರಿ, ಮಜ್ಜಿಗೆ, ನಿಂಬೆ ಪಾನಕ ಬೇಡ.

ನಾನ್‌ಸ್ಟಿಕ್ ಕಾವಲಿಯ ಲೇಪ 260 ಡಿಗ್ರಿ ದಾಟಿದರೆ ಒಡೆಯತೊಡಗುತ್ತದೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿಟ್ಟು ಫೋನ್ ಎತ್ತಿಕೊಂಡರೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ದೋಸೆಗೆ ಕಬ್ಬಿಣದ ಕಾವಲಿಯೇ ಒಳ್ಳೆಯದು, ದೋಸೆಯೂ ಚೆನ್ನಾಗಿ ಏಳುತ್ತದೆ.

ಕರಿದ ಎಣ್ಣೆಯನ್ನು ಸೋಸಿ ಎರಡು ಮೂರು ದಿನದೊಳಗೆ ಪಲ್ಯಕ್ಕೆ ಬಳಸಿ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಕರಿಯುವ ಎಣ್ಣೆಯ ಧ್ರುವೀಯ ಸಂಯುಕ್ತಗಳಿಗೆ, ಅಂದರೆ ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಹುಟ್ಟುವ ಪದಾರ್ಥಗಳಿಗೆ, ಶೇ. 25ರ ಮಿತಿ ಹಾಕಿದೆ. ಮನೆಯಲ್ಲಿ ಅಳೆಯಲಾಗದು, ಆದರೆ ಬಣ್ಣ ಕಪ್ಪಾಗಿ, ನೊರೆ ನಿಂತು, ಬೇಗ ಹೊಗೆಯಾಡಿದರೆ ಅದರ ಕಾಲ ಮುಗಿಯಿತು. ವಡಾಪಾವ್ ಗಾಡಿಯ ಬಾಣಲೆಯನ್ನೂ ಇದೇ ಕಣ್ಣಿಂದ ನೋಡಿ.

ವರ್ಷದ ಗೋದಿ

ಯುಗಾದಿ ಕಳೆದ ಮೇಲೆ ಮಹಾರಾಷ್ಟ್ರದ ಮನೆಗಳಂತೆ ನಮ್ಮವರೂ ಕ್ವಿಂಟಲ್‌ಗಟ್ಟಲೆ ಗೋದಿ ತುಂಬಿಸುತ್ತಾರೆ. ಹುಳ ಬೀಳದಿರಲು ಅಂಗಡಿಯವನು ಎರಡು ಬಗೆಯ ಗುಳಿಗೆ ಕೊಡುತ್ತಾನೆ. ಒಂದು 'ಪಾರದ' ಗುಳಿಗೆ. ಪಾರದವೆಂದರೆ ಪಾದರಸ. ತಿನ್ನುವ ಕಾಳಿನ ಡಬ್ಬದಲ್ಲಿ ಅದಕ್ಕೆ ಕೆಲಸವಿಲ್ಲ. ಇನ್ನೊಂದು ಅಲ್ಯೂಮಿನಿಯಂ ಫಾಸ್ಫೈಡ್. ಇದು ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಗೋದಾಮಿನಲ್ಲಿ ತರಬೇತಾದವರು ಮಾತ್ರ ಬಳಸಬೇಕಾದ ವಸ್ತು ಮನೆಯ ಮಂಚದ ಕೆಳಗಿನ ಡಬ್ಬಕ್ಕೆ ಬಂದರೆ, ಅಲ್ಲೇ ಮೇಲೆ ಮಲಗಿದವರ ಗತಿಯೇನು? ತಿಗಣೆಗೆಂದು ಬರುವ ಪೆಸ್ಟ್ ಕಂಟ್ರೋಲಿನವನು 'ಗುಳಿಗೆ ಇಟ್ಟು ಎರಡು ದಿನ ಬಾಗಿಲು ಹಾಕಿ' ಎಂದರೆ ಒಪ್ಪಬೇಡಿ. ಪಕ್ಕದ ಫ್ಲ್ಯಾಟಿನಲ್ಲಿ ಇಡುತ್ತಿದ್ದಾರೆಂದು ತಿಳಿದರೂ ಕಟ್ಟಡದ ನಿವಾಸಿಗಳ ಸೊಸೈಟಿಗೆ ಹೇಳಿ ನಿಲ್ಲಿಸಿ. ಅನಿಲ ಪೈಪಿನ ಸಂದಿ, ಡಕ್ಟ್ ಹಿಡಿದು ಗೋಡೆ ದಾಟುತ್ತದೆ.

ಸುರಕ್ಷಿತ ದಾರಿ ಹಳೆಯದೇ. ಮೇ ತಿಂಗಳ ಬಿಸಿಲಲ್ಲಿ ಟೆರೇಸಿನ ಮೇಲೆ ಗೋದಿಯನ್ನು ತೆಳ್ಳಗೆ ಎರಡು ದಿನ ಹರಡಿ. ಸಂಜೆ ಒಳಗೆ ತಂದ ತಕ್ಷಣ ತುಂಬಬೇಡಿ. ಬಿಸಿ ಕಾಳು ಮುಚ್ಚಿದ ಡಬ್ಬದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ರಾತ್ರಿ ಆರಲಿ. ಬೆಳಗ್ಗೆ ಕಿಲೋಗೆ ಒಂದು ಸಣ್ಣ ಚಮಚದಂತೆ ಹರಳೆಣ್ಣೆ ಸವರಿ, ಒಣಗಿದ ಬೇವಿನ ಸೊಪ್ಪು ನಡುನಡುವೆ ಇಟ್ಟು, ಬಾಯಿವರೆಗೂ ತುಂಬಿ ಬಿಗಿಯಾಗಿ ಮುಚ್ಚಿ. ತೊಗರಿಬೇಳೆಗೂ ಹೀಗೇ. ಬೀಸಲು ಕೊಡುವ ಮುಂಚೆ ಗೋದಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಎಣ್ಣೆ ಹೋಗುತ್ತದೆ. ಜಾಗವಿಲ್ಲದವರು ತಿಂಗಳಿಗೆ 10 ಕಿಲೋ ತಂದರೆ ಈ ಯಾವ ತಾಪತ್ರಯವೂ ಇಲ್ಲ.

ಮಾರ್ಕೆಟ್ಟಿನ ಚೀಲ

ತರಕಾರಿ ಮೇಲಿನ ಕೀಟನಾಶಕದಲ್ಲಿ ಎರಡು ಬಗೆ. ಸಿಪ್ಪೆಯ ಮೇಲೆ ಕೂತದ್ದು ತೊಳೆದರೆ ಬಹುಪಾಲು ಹೋಗುತ್ತದೆ. ಗಿಡವೇ ಹೀರಿಕೊಂಡದ್ದು ಹೋಗುವುದಿಲ್ಲ, ಯಾವ ದುಬಾರಿ ದ್ರವ ಹಾಕಿದರೂ. ಮೊದಲು ನಲ್ಲಿಯ ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ. ಆಮೇಲೆ ಲೀಟರ್ ನೀರಿಗೆ 20 ಗ್ರಾಂ ಪುಡಿ ಉಪ್ಪು, ಅಥವಾ 10 ಗ್ರಾಂ, ಅಂದರೆ ಎರಡು ಸಣ್ಣ ಚಮಚ ಅಡುಗೆ ಸೋಡಾ ಕರಗಿಸಿ 15 ನಿಮಿಷ ನೆನೆಸಿ. ಅಮೆರಿಕದಲ್ಲಿ 2017ರಲ್ಲಿ ಸೇಬಿನ ಮೇಲೆ ನಡೆದ ಪ್ರಯೋಗದಲ್ಲಿ ಇದೇ ಪ್ರಮಾಣದ ಸೋಡಾ ನೀರು 12–15 ನಿಮಿಷದಲ್ಲಿ ಮೇಲ್ಮೈಯ ಎರಡು ಕೀಟನಾಶಕಗಳನ್ನು ತೆಗೆದಿತ್ತು. ಬರೀ ನೀರಿಗೆ ಅದು ಸಾಧ್ಯವಾಗಲಿಲ್ಲ. ಕೊನೆಗೆ ಮತ್ತೆ ನಲ್ಲಿ ನೀರು. ನಾಸಿಕ, ಸಾಂಗಲಿಯಿಂದ ಬರುವ ದ್ರಾಕ್ಷಿಗೆ ಇದನ್ನು ತಪ್ಪಿಸಬೇಡಿ, ಗೊಂಚಲಿಂದ ಬಿಡಿಸಿ ನೆನೆಸಿ. ಪಾತ್ರೆ ಸೋಪು ಬೇಡ, ಅದು ಹಣ್ಣಿನ ರಂಧ್ರದಲ್ಲಿ ಉಳಿಯುತ್ತದೆ. ಹೆಚ್ಚಿದ ಮೇಲೆ ತೊಳೆಯುವುದೂ ಬೇಡ.

ಮುಂಬೈಯಲ್ಲಿ ರೈಲು ಹಳಿಯ ಪಕ್ಕ ಚರಂಡಿಯ ನೀರಲ್ಲಿ ಬೆಳೆದ ಪಾಲಕ್, ಹರಿವೆ ಬೇರೆಯೇ ಕಥೆ. ಸೊಪ್ಪು ಹೀರಿದ ಭಾರಲೋಹ ತೊಳೆದರೆ ಬರುವುದಿಲ್ಲ. ಎಲ್ಲಿಯದೆಂದು ಸೊಪ್ಪಿನವಳನ್ನೇ ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಆ ದಿನ ಸೋರೆಕಾಯಿ, ಪಡವಲ ಒಯ್ಯಿರಿ. ವಾರದಲ್ಲಿ ಒಂದೇ ಕಡೆ, ಒಂದೇ ಸೊಪ್ಪು ಕೊಳ್ಳದಿರುವುದೂ ಒಂದು ಉಪಾಯ.

ಹಾಪುಸ್ (ಆಲ್ಫಾನ್ಸೊ) ಮಾವು ಹಣ್ಣಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನಿನಲ್ಲಿ ನಿಷೇಧ, ಏಕೆಂದರೆ ಅದರಲ್ಲಿ ಆರ್ಸೆನಿಕ್, ಫಾಸ್ಫರಸ್‌ನ ಅಂಶ ಇರುತ್ತದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನವರೆಗೆ, ಅನುಮತಿ ಇದೆ, ಅದಕ್ಕೆ ಹೆದರಬೇಕಿಲ್ಲ. ಮೈಯೆಲ್ಲ ಒಂದೇ ಹಳದಿ, ಮೂಗಿಗೆ ಹಿಡಿದರೆ ಪರಿಮಳವಿಲ್ಲ, ಒಳಗೆ ಹುಳಿ: ಅನುಮಾನಪಡಿ. ದೇವಗಡ, ರತ್ನಾಗಿರಿಯ ಕಾಯಿಪೆಟ್ಟಿಗೆಯನ್ನೇ ತಂದು ಹುಲ್ಲಿನಲ್ಲಿ ಒಂದೇ ಪದರ ಜೋಡಿಸಿ, ವಾರದೊಳಗೆ ತಾನೇ ಹಣ್ಣಾಗುತ್ತದೆ.

ಅರಿಸಿನಕ್ಕೆ ಹೊಳಪು ಕೊಡಲು ಸೀಸದ ಹಳದಿ ಬಣ್ಣವಾದ ಲೆಡ್ ಕ್ರೋಮೇಟ್ ಉಜ್ಜುವ ದಂಧೆ ಇದೆ. ಇದರಿಂದ ಹೊಟ್ಟೆಗೆ ಹೋಗುವ ಸೀಸ ಮಕ್ಕಳ ಬುದ್ಧಿಯನ್ನೇ ಕುಗ್ಗಿಸುತ್ತದೆ. ಸಾಂಗಲಿ ಕಡೆಯ ಕೊಂಬು ಸಿಗುವ ಊರಲ್ಲಿದ್ದೂ ಬಿಡಿ ಪುಡಿ ಕೊಳ್ಳುವುದು ಏಕೆ? ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಒಳ್ಳೆಯದು ನೀರಿಗೆ ಬಣ್ಣ ಬಿಡುವುದಿಲ್ಲ, ಬಣ್ಣ ಹಚ್ಚಿದ್ದು ತಕ್ಷಣ ಬಿಡುತ್ತದೆ. ಪಾಸಾದ ಕೊಂಬನ್ನು ತೊಳೆದು, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿ. ಕುಂಕುಮ, ಕಾಡಿಗೆಗೂ ಇದೇ ಸೀಸದ ಭಯ. ಹೆಸರಿಲ್ಲದ ಪೊಟ್ಟಣದ ಕಡುಕೆಂಪು ಸಿಂದೂರ ಮಗುವಿನ ಹಣೆಗೆ ಬೇಡ.

ಮೀನು ತಿನ್ನುವವರಿಗೆ: ದೊಡ್ಡ ಮೀನು ಚಿಕ್ಕ ಮೀನನ್ನು ತಿಂದು ಬೆಳೆಯುವುದರಿಂದ ಪಾದರಸ ಅದರಲ್ಲಿ ಸೇರುತ್ತಾ ಹೋಗುತ್ತದೆ. ಬಸುರಿಯರು, ಸಣ್ಣ ಮಕ್ಕಳು ಶಾರ್ಕ್ ಬಿಟ್ಟು, ದೊಡ್ಡ ಸುರ್ಮಯಿ (ಅಂಜಲ್) ಅಪರೂಪಕ್ಕೆ ಇಟ್ಟುಕೊಂಡು, ಬಂಗುಡೆ, ಬೂತಾಯಿ ಧಾರಾಳವಾಗಿ ತಿನ್ನಲಿ, ಅವೇ ಅಗ್ಗವೂ ಹೌದು. ಗೋವಾದಲ್ಲಿ 2018ರ ಜುಲೈನಲ್ಲಿ ಮೀನು ಕೆಡದಿರಲು ಫಾರ್ಮಲಿನ್ ಎಂಬ ವಿಷ ರಾಸಾಯನಿಕ ಹಾಕುತ್ತಾರೆಂಬ ಗಲಾಟೆ ಎದ್ದು ಹೊರರಾಜ್ಯದ ಮೀನನ್ನು ಸರಕಾರ ಕೆಲ ದಿನ ತಡೆದದ್ದು ನೆನಪಿರಬಹುದು. ಜೂನ್–ಜುಲೈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಮಾರ್ಕೆಟ್ಟಿನಲ್ಲಿ ದೊಡ್ಡ 'ತಾಜಾ' ಮೀನು ಕಂಡರೆ ಅದು ದೂರದಿಂದ ಬಂದದ್ದು. ಕಣ್ಣು ಒಳಗೆ ಹೋಗಿದ್ದು, ಮೈ ರಬ್ಬರಿನಂತೆ ಬಿರುಸು, ಮೀನಿನ ವಾಸನೆಯೇ ಇಲ್ಲ, ನೊಣವೂ ಕೂರುತ್ತಿಲ್ಲ ಎಂದರೆ ಬಿಟ್ಟುಬನ್ನಿ. ಆ ಎರಡು ತಿಂಗಳು ಒಣಮೀನು, ಹೊಳೆಮೀನು ಇವೆಯಲ್ಲ.

ನೀರು, ಚಹಾ

ಮುಂಬೈಗೆ ಬರುವುದು ಭಾತ್ಸಾ, ತಾನಸಾ, ವೈತರಣಾ ಮೊದಲಾದ ಕೆರೆ, ಅಣೆಕಟ್ಟುಗಳ ಮಳೆನೀರು. ಕರಗಿದ ಲವಣ ಕಡಿಮೆ. ಇದಕ್ಕೆ ಲವಣ ಸೋಸುವ ಆರ್‌ಒ ಯಂತ್ರ ಹಾಕುವುದು ಬಹುತೇಕ ಕಡೆ ದಂಡ. ಒಂದು ಲೀಟರಿಗೆ ಎರಡು ಮೂರು ಲೀಟರ್ ಮೋರಿಗೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣ, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಸಣ್ಣ ಟಿಡಿಎಸ್ ಮೀಟರ್ ತಂದು ಅಳೆಯಿರಿ, ಆಮೇಲೆ ಸೇಲ್ಸ್‌ಮನ್ ಜೊತೆ ಮಾತಾಡಿ. ಪುಣೆಯ ಹೊರವಲಯದಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರು ಕುಡಿಯುವವರ ಲೆಕ್ಕ ಬೇರೆ, ಅಲ್ಲಿ ಆರ್‌ಒ ಬೇಕಾಗಬಹುದು. ಮುಂಬೈಯ ನೀರು ಕೆಡುವುದು ಹೆಚ್ಚಾಗಿ ಸೊಸೈಟಿಯ ಟ್ಯಾಂಕಿಯಲ್ಲಿ, ಹಳೆಯ ಪೈಪಿನಲ್ಲಿ. ಆರು ತಿಂಗಳಿಗೊಮ್ಮೆ ಟ್ಯಾಂಕಿ ತೊಳೆಸಿದ ದಿನಾಂಕ ನೋಟಿಸ್ ಬೋರ್ಡಿನಲ್ಲಿ ಕೇಳಿ. ಬೆಳಗಿನ ಮೊದಲ ಬಕೆಟ್ ಗಿಡಕ್ಕೆ, ಆಮೇಲಿನದು ಕುಡಿಯಲು.

ಕಟಿಂಗ್ (ಅರ್ಧ ಲೋಟದ) ಚಹಾವನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ಆಫೀಸಿಗೆ ಒಯ್ಯುವುದು, ಉಡುಪಿ ಹೋಟೆಲಿನ ಕುದಿಯುವ ಸಾಂಬಾರು ಪೊಟ್ಟಣದಲ್ಲಿ ತರುವುದು, ಎರಡೂ ಒಂದೇ ತಪ್ಪು. ಬಿಸಿ ಮತ್ತು ಎಣ್ಣೆ ಸೇರಿದರೆ ಪ್ಲಾಸ್ಟಿಕ್ಕಿನಲ್ಲಿರುವುದು ಆಹಾರಕ್ಕೆ ಇಳಿಯುತ್ತದೆ. ಕಾಗದದ ಕಪ್ಪೂ ಸುರಕ್ಷಿತವಲ್ಲ, ಒಳಗೆ ತೆಳು ಪ್ಲಾಸ್ಟಿಕ್ ಪದರ ಇದೆ. 100 ಮಿಲಿ ಬಿಸಿನೀರು 15 ನಿಮಿಷ ಇದ್ದರೆ 25,000ದಷ್ಟು ಮೈಕ್ರೋಪ್ಲಾಸ್ಟಿಕ್ ಕಣ ಬಿಡುತ್ತದೆಂದು ಖರಗ್‌ಪುರದ ಐಐಟಿ 2020ರಲ್ಲಿ ಎಣಿಸಿತು. ಗಾಜಿನ ಲೋಟ ಕೊಡುವ ಚಹಾ ಗೂಡಂಗಡಿಯಲ್ಲೇ ನಿಂತು ಕುಡಿಯಿರಿ, ಪಾರ್ಸೆಲ್ಲಿಗೆ ಸ್ಟೀಲ್ ಡಬ್ಬ ಕೊಂಡೊಯ್ಯಿರಿ. ಆಹಾರವನ್ನು ದಿನಪತ್ರಿಕೆಯಲ್ಲಿ ಕಟ್ಟುವುದು 2018ರ ಪ್ಯಾಕೇಜಿಂಗ್ ನಿಯಮದಂತೆ ನಿಷಿದ್ಧ. ಭಜಿಯ ಎಣ್ಣೆ ಹೀರಲಿ ಎಂದು ಮನೆಯಲ್ಲಿ ಪತ್ರಿಕೆ ಹಾಸುವುದೂ ಬೇಡ.

ಸಿಂಕಿನ ಕೆಳಗೆ, ಕಪಾಟಿನ ಒಳಗೆ

ಕಕ್ಕಸಿನ ಆ್ಯಸಿಡ್ ಮತ್ತು ಬ್ಲೀಚ್ ಎಂದೂ ಒಂದೇ ದಿನ ಒಂದೇ ಜಾಗದಲ್ಲಿ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಕಲೆ ಹೋಗಲಿಲ್ಲವೆಂದು ಒಂದರ ಮೇಲೊಂದು ಸುರಿಯುವಾಗಲೇ ಅನಾಹುತ ಆಗುವುದು. ಕೆಲಸಕ್ಕೆ ಬರುವ ಹೆಂಗಸಿಗೂ ಇದನ್ನು ಅವರ ಭಾಷೆಯಲ್ಲಿ ಹೇಳಿ, ಡಬ್ಬಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಆ್ಯಸಿಡನ್ನು ಕೂಲ್‌ಡ್ರಿಂಕ್ ಬಾಟಲಿಗೆ ಸುರಿದಿಡಬೇಡಿ. ಯಾರಾದರೂ ಏನಾದರೂ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಕರೆಮಾಡಿ. ಬಾಟಲಿ ಕೈಯಲ್ಲೇ ಇರಲಿ.

ನುಸಿಗುಳಿಗೆಯ ಜೊತೆ ಕಟ್ಟಿಟ್ಟ ಹಳೆಯ ಬಟ್ಟೆಯನ್ನು ಹಸುಗೂಸಿಗೆ ನೇರ ಸುತ್ತಬೇಡಿ. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಮಗುವಿನಲ್ಲಿ ಗುಳಿಗೆಯ ನ್ಯಾಫ್ತಲೀನ್ ರಕ್ತಕಣ ಒಡೆದು ಕಾಮಾಲೆ ತರಬಹುದು. ಎರಡು ಸಲ ಒಗೆದು, ಬಿಸಿಲಿಗೆ ಹಾಕಿ ಆಮೇಲೆ ಬಳಸಿ. ಮುಖ ಬೆಳ್ಳಗಾಗಿಸುವ, ತಯಾರಕರ ವಿಳಾಸವಿಲ್ಲದ ಕ್ರೀಮುಗಳಲ್ಲಿ ಪಾದರಸ ಇರುವುದುಂಟು. ಎಂಟು ದಿನದಲ್ಲಿ ಹೊಳಪು ಬಂತೆಂದರೆ ಹಿಗ್ಗಬೇಡಿ, ಅದು ಕಿಡ್ನಿ ತಿನ್ನುತ್ತದೆ. ತಂಬಾಕು, ಮಶೇರಿಯ (ಹಲ್ಲಿಗೆ ಉಜ್ಜುವ ಹುರಿದ ತಂಬಾಕಿನ ಪುಡಿ) ಬಗ್ಗೆ ಹೇಳಲು ಹೊಸದೇನಿಲ್ಲ. ಆದರೆ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನ, ಅಂದರೆ ಖಚಿತವಾದ, ಕ್ಯಾನ್ಸರ್‌ಕಾರಕ ಎಂದಿದೆ. ಅಡಿಕೆ ಬೆಳೆಯುವ ಊರಿನವರಿಗೆ ಕಹಿಯಾದರೂ ಮಾತು ಅದೇ.

ಹೊರಗಿನ ಗಾಳಿ

ನವೆಂಬರಿನಿಂದ ಫೆಬ್ರವರಿವರೆಗೆ ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಒತ್ತಿ ಹಿಡಿಯುತ್ತದೆ. ಬೆಳಗಿನ 6ರಿಂದ 9 ಅತಿ ಕೆಟ್ಟ ಹೊತ್ತು, ವಾಕಿಂಗಿಗೆ ನಾವು ಹೋಗುವುದೂ ಆಗಲೇ. ಕೇಂದ್ರ ಮಾಲಿನ್ಯ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಗಾಳಿ ಮಾಲಿನ್ಯದ ಸೂಚ್ಯಂಕ 200 ದಾಟಿದ್ದರೆ ಗುಡ್ಡದ ನಡಿಗೆಯನ್ನು ಬಿಸಿಲೇರಿದ ಮೇಲಕ್ಕೆ ತಳ್ಳಿ. ಮನೆಯ ಕಿಟಕಿಗಳನ್ನು ಮಧ್ಯಾಹ್ನ 12ರಿಂದ 5ರವರೆಗೆ ತೆರೆಯಿರಿ, ಮುಂಬೈಯಲ್ಲಿ ಕಡಲಗಾಳಿ ಬೀಸುವುದು ಆಗ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಪೊರಕೆ ಬಿಟ್ಟು ಒದ್ದೆ ಬಟ್ಟೆ. ಎಸಿ ಹಿಂದಿನ ಪಾರಿವಾಳದ ಹಿಕ್ಕೆಯನ್ನು ಒಣಗಿದ್ದಾಗ ಕೆರೆಯಬೇಡಿ, ಅದರ ಧೂಳಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರಬಹುದು. ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿ ತೆಗೆದು, ಅಲ್ಲಿಗೆ ಬಲೆ ಕಟ್ಟಿಸಿ.

ಇನ್ನೊಂದು ಹೊಗೆ ಗೇಟಿನ ಬಳಿಯದು. ಚಳಿಗೆ ವಾಚ್‌ಮನ್ ಒಣ ಎಲೆ, ರಟ್ಟು, ಪ್ಲಾಸ್ಟಿಕ್ ಒಟ್ಟುಮಾಡಿ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳುತ್ತಾನೆ, ಮೊದಲ ಮಾಳಿಗೆಯ ಮಲಗುವ ಕೋಣೆ ಅದರಿಂದ ತುಂಬುತ್ತದೆ. ಬೈದರೆ ನಾಳೆ ಕಾಂಪೌಂಡಿನ ಹಿಂದೆ ಹಚ್ಚುತ್ತಾನೆ. ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಕ್ಯಾಬಿನ್ನಿಗೊಂದು ವಿದ್ಯುತ್ ಹೀಟರ್, ಇಬ್ಬರಿಗೆ ಎರಡು ದಪ್ಪ ಕಂಬಳಿ ಎಂದು ಬರೆಸಿ. ಎಲ್ಲ ಫ್ಲ್ಯಾಟಿಗೂ ಹಂಚಿದರೆ ತಲೆಗೆ ಬೀಳುವ ಖರ್ಚು ಅಲ್ಪ.